ಹನ್ನೆರಡೂವರೆಯ ಮಾತ್ರೆ

ಸೆಪ್ಟೆಂಬರ್ 1, ಸೋಮವಾರ

ಶಾಲೆ ಮತ್ತೆ ಶುರು. ಬೀಗ ತೆಗೆದರೆ ನನ್ನ ಕೋಣೆಯಲ್ಲಿ ರಜೆಯ ವಾಸನೆ. ಫಿನಾಯಿಲ್, ಮುಚ್ಚಿದ ಕಿಟಕಿ, ಹಳೆಯ ಹತ್ತಿ. ಎರಡು ಮಂಚ, ಒಂದು ತೂಕದ ಯಂತ್ರ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ, ಔಷಧದ ಬೀರು. ಬೀರುವಿನ ಕೀಲಿ ನನ್ನ ಕೊರಳಲ್ಲಿ. ಆಸ್ಪತ್ರೆಯ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ, ಈ ಶಾಲೆಯಲ್ಲಿ ನರ್ಸಾಗಿ ಹನ್ನೊಂದು ವರ್ಷ. ಮೂವತ್ತು ವರ್ಷದಲ್ಲಿ ಒಂದು ಮಾತ್ರೆ ಆಚೆ ಈಚೆ ಆಗಿಲ್ಲ. ಹೀಗೆ ಬರೆದುಕೊಳ್ಳಲು ನಾಚಿಕೆ ಯಾಕೆ, ಇದು ನನ್ನದೇ ಪುಸ್ತಕ.

ಶಾಲೆಯ ಹೊತ್ತಿನಲ್ಲಿ ಮದ್ದು ತೆಗೆದುಕೊಳ್ಳುವ ಮಕ್ಕಳು ಈ ಸಲ ಆರು. ಅವರನ್ನು ನಾನು ಗುರುತಿಟ್ಟುಕೊಳ್ಳುವುದು ಹೊತ್ತಿನಿಂದ. ಹತ್ತು ಗಂಟೆಯ ಉಬ್ಬಸ, ಹನ್ನೊಂದರ ಸಕ್ಕರೆ ಕಾಯಿಲೆ, ಹೀಗೆ. ಹೆಸರು ಕಟ್ಟಿಕೊಂಡು ಏನಾಗಬೇಕು, ಗಡಿಯಾರ ತಪ್ಪಬಾರದು ಅಷ್ಟೆ. ಹೊಸದಾಗಿ ಬಂದದ್ದು ಹನ್ನೆರಡೂವರೆ. ಐದನೇ ತರಗತಿಯ ಹುಡುಗಿ, ಫಿಟ್ಸ್ ಕಾಯಿಲೆ, ದಿನಕ್ಕೆ ಮೂರು ಹೊತ್ತು ಮಾತ್ರೆ. ನಡುವಿನದು ನನ್ನ ಪಾಲಿಗೆ. ಒಂದೂವರೆ ವರ್ಷದಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲವಂತೆ.

ಡಾಕ್ಟರ ಚೀಟಿ, ಮಾತ್ರೆಯ ಡಬ್ಬಿ ಹಿಡಿದು ತಾಯಿ ಬಂದಿದ್ದಳು. ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಹೇಳಿದ್ದನ್ನೇ ಮೂರು ಸಲ ಹೇಳಿದಳು. "ಊಟ ಆದ್ಮೇಲೆ ಕೊಡಿ ಸಿಸ್ಟರ್. ನೀರು ಜಾಸ್ತಿ ಕುಡಿಸಿ. ನುಂಗಿದ್ದು ನೋಡಿ."

"ನಾನು ಮಾತ್ರೆ ಕೊಡೋಕೆ ಶುರು ಮಾಡಿದಾಗ ನೀವಿನ್ನೂ ಶಾಲೆಗೇ ಸೇರಿರ್ಲಿಲ್ಲಮ್ಮ," ಅಂದೆ. ತಾಯಂದಿರಿಗೆ ಒಂದು ಸಲ ಹೀಗೆ ಹೇಳಿಬಿಡಬೇಕು, ಆಮೇಲೆ ಕಾಟವಿರುವುದಿಲ್ಲ.

ಸಂಜೆ ಹೆಡ್ ಮೇಡಂ ಕರೆದರು. ಊಟದ ಹಾಲ್ ನೋಡಿಕೊಳ್ಳುತ್ತಿದ್ದ ಟೀಚರ್ ಕೆಲಸ ಬಿಟ್ಟಿದ್ದಾರೆ. ಹೊಸಬರು ಬರುವ ತನಕ ಹನ್ನೆರಡರಿಂದ ಒಂದರವರೆಗೆ ಅಲ್ಲಿ ನಾನೇ ನಿಲ್ಲಬೇಕಂತೆ. ಎರಡು ಕಡೆ ನಿಲ್ಲಲು ನನಗೇನು ನಾಲ್ಕು ಕಾಲಿವೆಯೇ ಎಂದು ಬಾಯಿ ತನಕ ಬಂತು. "ಆಗಲಿ ಮೇಡಂ," ಅಂದು ಬಂದೆ.

ಸೆಪ್ಟೆಂಬರ್ 4, ಗುರುವಾರ

ಹನ್ನೆರಡೂವರೆ ಭಾರೀ ಮಾತುಗಾತಿ. ನಿಂತಲ್ಲಿ ನಿಲ್ಲುವುದಿಲ್ಲ. ನಾನು ಡಬ್ಬಿ ತೆಗೆಯುವುದರೊಳಗೆ ತೂಕದ ಯಂತ್ರ ಹತ್ತಿ ಇಳಿದು, ಕಣ್ಣಿನ ಹಲಗೆಯ ಕೊನೆಯ ಸಾಲು ಓದಿ ಮುಗಿಸಿರುತ್ತಾಳೆ. ತರಗತಿಯಲ್ಲಿ ಇವಳಿಗೆ ಬುಗುರಿ ಅಂತ ಹೆಸರಿಟ್ಟಿದ್ದಾರಂತೆ. ಸರಿಯಾಗಿಯೇ ಇಟ್ಟಿದ್ದಾರೆ.

"ಸಿಸ್ಟರ್, ಇದು ತಗೊಂಡ್ರೆ ಮಧ್ಯಾಹ್ನ ನಿದ್ದೆ ಬರತ್ತೆ. ಕಾಲು ಭಾರ ಆಗತ್ತೆ. ಪಿ.ಟಿ. ಸರ್ ನನ್ನ ರಿಲೇಗೆ ಸೇರಿಸ್ಕೊಂಡಿದಾರೆ. ಕೊನೇ ಓಟ ನಂದೇ."

"ಮಧ್ಯಾಹ್ನ ನಿದ್ದೆ ಬರದೇ ಇರೋ ಮಕ್ಕಳು ಯಾವ ಶಾಲೇಲಿದಾರೆ? ಪಾಠ ಮಾಡೋರಿಗೇ ಬರತ್ತೆ!" ಅಂದೆ.

ಅವಳು ನಗಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಅಲ್ಲಿ ಎಲ್ಲರೂ ನಕ್ಕರು.

ಸೆಪ್ಟೆಂಬರ್ 9, ಮಂಗಳವಾರ

ಊಟದ ಹಾಲ್ ಎಂದರೆ ಸಂತೆ. ಒಬ್ಬ ಚೆಲ್ಲುತ್ತಾನೆ, ಒಬ್ಬಳು ಅದರ ಮೇಲೆ ಜಾರುತ್ತಾಳೆ, ಮೂರನೆಯವನು ಇಬ್ಬರನ್ನೂ ನೋಡಿ ನಕ್ಕು ತುತ್ತು ನೆತ್ತಿಗೇರಿಸಿಕೊಳ್ಳುತ್ತಾನೆ. ಅದರ ನಡುವೆ ಕಳೆದ ವಾರವೆಲ್ಲ ಹನ್ನೆರಡೂವರೆಗೆ ಓಡಿ ಹೋಗಿ, ಬೀರು ತೆಗೆದು, ಮಾತ್ರೆ ಕೊಟ್ಟು, ಮತ್ತೆ ಓಡಿ ಬರುವುದು. ಮೊಣಕಾಲು ಕೇಳುವುದಿಲ್ಲ. ನಿನ್ನೆ ಮಾತ್ರೆಯನ್ನೇ ಊಟದ ಹಾಲ್‌ಗೆ ತಂದೆ. ಕೊಟ್ಟಿದ್ದೇ ತಡ, ಸುತ್ತ ಹತ್ತು ಮಕ್ಕಳು, "ಏನದು, ಏನದು, ನಿಂಗೇನಾಗಿದೆ?" ಹುಡುಗಿ ಮುದುಡಿ ಮುದ್ದೆಯಾದಳು. ಪಾಪ ಅನ್ನಿಸಿತು.

ಅದಕ್ಕೆ ಇವತ್ತಿನಿಂದ ಹೊಸ ಏರ್ಪಾಟು. ಹನ್ನೆರಡಕ್ಕೆ ಊಟದ ಹಾಲ್‌ಗೆ ಹೊರಡುವ ಮುಂಚೆ ಮಾತ್ರೆಯನ್ನು ಮುಚ್ಚಳದ ಪುಟ್ಟ ಬಟ್ಟಲಲ್ಲಿ ಹಾಕಿ ನನ್ನ ಮೇಜಿನ ಮೇಲಿಟ್ಟು, ರಿಜಿಸ್ಟರಿನಲ್ಲಿ ಗುರುತು ಹಾಕಿಬಿಡುತ್ತೇನೆ. ಅವಳು ಊಟ ಮುಗಿಸಿ ಬಂದು, ನುಂಗಿ, ನಲ್ಲಿಯಲ್ಲಿ ನೀರು ಕುಡಿದು ಹೋಗುವುದು. ಯಾರ ಕಣ್ಣಿಗೂ ಬೀಳುವುದಿಲ್ಲ. ನುಂಗುವುದನ್ನು ಕಣ್ಣಾರೆ ನೋಡಬೇಕೆಂಬ ನಿಯಮವಿದೆ, ಗೊತ್ತು. ನಿಯಮ ಬರೆದವರು ಊಟದ ಹಾಲ್ ನೋಡಿಲ್ಲ.

"ಖಂಡಿತಾ ನುಂಗ್ತೀಯಾ?" ಅಂದೆ.

"ಹೂಂ ಸಿಸ್ಟರ್," ಅಂದಳು. ಕಣ್ಣು ಮಿನುಗಿದವು. ಜವಾಬ್ದಾರಿ ಕೊಟ್ಟರೆ ಮಕ್ಕಳು ಅರಳುತ್ತಾರೆ.

ಸೆಪ್ಟೆಂಬರ್ 17, ಬುಧವಾರ

ಏರ್ಪಾಟು ಎಣ್ಣೆ ಹಾಕಿದ ಬಾಗಿಲಿನ ಹಾಗೆ ನಡೆಯುತ್ತಿದೆ. ಒಂದಕ್ಕೆ ವಾಪಸು ಬಂದರೆ ಬಟ್ಟಲು ಖಾಲಿ. ಮನೆಯಲ್ಲಿ ಇವರಿಗೂ ಹೇಳಿದೆ. ಬಸ್ಸು ಓಡಿಸುವವರಿಗೆ ಇಂಥ ಉಪಾಯ ಹೊಳೆಯುತ್ತದೆಯೇ ಎಂದು ಚುಡಾಯಿಸಿದೆ.

ಸೆಪ್ಟೆಂಬರ್ 24, ಬುಧವಾರ

ರಾತ್ರಿ ಹನ್ನೊಂದಾಯಿತು. ಆದರೂ ಬರೆಯುತ್ತೇನೆ.

ಎರಡೂಕಾಲಿಗೆ ಮೈದಾನದಿಂದ ಕೂಗು. ರಿಲೇ ಅಭ್ಯಾಸದಲ್ಲಿ ಹುಡುಗಿ ಬಿದ್ದಿದ್ದಾಳೆ. ಓಡಿದೆ. ನೆಲದ ಮೇಲೆ ಸೆಟೆದುಕೊಂಡಿದ್ದಳು, ಕೈಯಲ್ಲಿ ಇನ್ನೂ ರಿಲೇ ಕೋಲು. ಆಮೇಲೆ ಮೈಯೆಲ್ಲ ಅದುರಲು ಶುರುವಾಯಿತು. ಪಿ.ಟಿ. ಮೇಷ್ಟ್ರು ಬಾಯಿಗೆ ಚಮಚ ತುರುಕಲು ಹೋದರು, ಬೈದು ತಡೆದೆ. ಮಕ್ಕಳನ್ನು ಆಚೆ ಕಳಿಸಿ, ತಲೆಯಡಿ ನನ್ನ ಸ್ವೆಟರ್ ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿದೆ. ಮೂರೂವರೆ ನಿಮಿಷ. ನಿಂತಿತು. ಆಂಬುಲೆನ್ಸಿಗೆ ಹೇಳಿದ್ದಾಯಿತು, ಅಲ್ಲಿಯವರೆಗೆ ಎತ್ತಿ ತಂದು ನನ್ನ ಕೋಣೆಯಲ್ಲಿ ಮಲಗಿಸಿದೆವು.

ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಶೂ ಬಿಚ್ಚಿದೆ, ಕಾಲುಚೀಲ ಎಳೆದೆ. ಎರಡು ಮಾತ್ರೆ ಉದುರಿದವು. ತಿಳಿಹಳದಿ, ಬೆವರಿಗೆ ಅಂಚು ಕರಗಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ದಿನಾ ಬೀರುವಿನಿಂದ ತೆಗೆದು ಬಟ್ಟಲಿಗೆ ಹಾಕಿದವಳು ನಾನೇ ತಾನೆ.

ಅವಳಿಗೆ ಅರೆ ಎಚ್ಚರವಾಗಿತ್ತು. ನನ್ನ ಕೈ ನೋಡಿದಳು.

"ಓಟ ಇದ್ದ ದಿನ ಮಾತ್ರ ಸಿಸ್ಟರ್, ಸೋಮ, ಬುಧ, ಶುಕ್ರ," ಅಂದಳು. ನಾಲಿಗೆ ತೊದಲುತ್ತಿತ್ತು. "ಸೋಮವಾರದ್ದು ಎಸೆಯೋದು ಮರೆತ್ಹೋಯ್ತು. ಅಮ್ಮನಿಗೆ ಹೇಳ್ಬೇಡಿ."

"ಹೇಳಲ್ಲ ಪುಟ್ಟಾ, ಮಲಕ್ಕೋ," ಅಂದೆ. ಮಾತ್ರೆಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ ಆ ಹೊತ್ತಿಗೆ ಗೊತ್ತಿರಲಿಲ್ಲ. ಆಮೇಲೂ ತೆಗೆಯಲಿಲ್ಲವಲ್ಲ.

ಆಂಬುಲೆನ್ಸಿನವರು ಕೇಳಿದರು, "ಮಧ್ಯಾಹ್ನದ ಡೋಸ್ ಆಗಿದೆಯಾ?" ರಿಜಿಸ್ಟರ್ ತೆರೆದೇ ಇತ್ತು. ಗುರುತು, ಪಕ್ಕದಲ್ಲಿ ನನ್ನ ಸಹಿ. ಅವರು ಅದನ್ನು ನೋಡಿ ಬರೆದುಕೊಂಡರು. ನಾನು ಹೌದೆನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ತಾಯಿ ಕಾರ್ಖಾನೆಯಿಂದ ನೇರ ಬಂದಿದ್ದಳು, ತಲೆಗೆ ಟೋಪಿ, ಮೊಣಕೈ ತನಕ ಹಿಟ್ಟು. ಮಗಳ ಮುಖ ಮುಟ್ಟಿದಾಗ ಕೆನ್ನೆ ಮೇಲೆ ಬೆರಳಿನ ಬಿಳಿ ಗುರುತು ಮೂಡಿತು.

ಸೆಪ್ಟೆಂಬರ್ 26, ಶುಕ್ರವಾರ

ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್ ಮೇಡಂ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. "ಇಂಥ ಸಿಸ್ಟರ್ ಇರೋದು ನಮ್ಮ ಭಾಗ್ಯ." ನಾನೂರು ಮಕ್ಕಳ ಚಪ್ಪಾಳೆ. ಪಿ.ಟಿ. ಮೇಷ್ಟ್ರದ್ದು ಎಲ್ಲರಿಗಿಂತ ಜೋರು.

ತಲೆನೋವೆಂದು ಬೇಗ ಮನೆಗೆ ಬಂದೆ.

ಸೆಪ್ಟೆಂಬರ್ 29, ಸೋಮವಾರ

ತಾಯಿ ಹೊಸ ಚೀಟಿ ತಂದಿದ್ದರು. ರಕ್ತದಲ್ಲಿ ಮದ್ದಿನ ಮಟ್ಟ ಕಡಿಮೆ ಬಂದಿದೆ. ಶಾಲೆಯ ರಿಜಿಸ್ಟರಿನಲ್ಲಿ ಒಂದು ಡೋಸೂ ತಪ್ಪಿಲ್ಲ. ಹಾಗಾದರೆ ಮಗು ಬೆಳೆದಿದೆ, ತೂಕ ಏರಿದೆ, ಹಳೇ ಡೋಸ್ ಸಾಲುತ್ತಿಲ್ಲ ಎಂದು ಡಾಕ್ಟರು ಅಳೆದು ಸುರಿದು ಹೇಳಿದ್ದಾರೆ. ಹಳೆಯ ಮಾತ್ರೆ ಒಂದೂವರೆ ಪಾಲು, ಜೊತೆಗೆ ಇನ್ನೊಂದು ಹೊಸ ಮಾತ್ರೆ.

"ಬೆಳಿಗ್ಗೆ ತಪ್ಪಿಸಿಲ್ಲ ತಾನೇ ಅಂತ ನನ್ನನ್ನ ಮೂರು ಸಲ ಕೇಳಿದ್ರು ಅಕ್ಕಾ," ಅಂದರು. ಅಕ್ಕಾ ಎಂದು ಕರೆದದ್ದು ಇದೇ ಮೊದಲು. "ತಪ್ಪಿಸಿಲ್ಲ. ಆದ್ರೆ ಅವತ್ತು ಬಸ್ಸು ತಪ್ಪತ್ತೆ ಅಂತ ಗಡಿಬಿಡೀಲಿ ಕೊಟ್ಟೆ. ನುಂಗಿದ್ದು ನೋಡಿದ್ನೋ ಇಲ್ವೋ, ಈಗ ನೆನಪಿಗೇ ಬರ್ತಿಲ್ಲ. ನೀವು ನೋಡಿ, ಎಷ್ಟು ಶಿಸ್ತು. ಹೆತ್ತ ತಾಯಿಗೆ ಅಷ್ಟಾಗ್ಲಿಲ್ಲ."

ಹೇಳಲು ಅದೇ ಸಮಯ. ಬಾಯಿ ತೆರೆದೆ. "ಹಾಗೆಲ್ಲ ಅಂದ್ಕೋಬೇಡಿ," ಎಂಬಷ್ಟೇ ಹೊರಬಂತು.

ಮಗುವಿಗೆ ಮಾತು ಕೊಟ್ಟಿದ್ದೇನೆ. ಮಾತು ಮುರಿದರೆ ಇನ್ನು ಅವಳು ಯಾವ ದೊಡ್ಡವರನ್ನು ನಂಬುತ್ತಾಳೆ?

ಅಕ್ಟೋಬರ್ 1, ಬುಧವಾರ

ಊಟದ ಹಾಲ್ ನನ್ನಿಂದಾಗದು ಎಂದು ಹೆಡ್ ಮೇಡಂಗೆ ಹೇಳಿದೆ. ಈ ಸಲ ತಕ್ಷಣ ಒಪ್ಪಿದರು. ಹೊಗಳಿಸಿಕೊಂಡವಳ ಮಾತಿಗೆ ತೂಕ.

ಹುಡುಗಿ ಬಂದಳು. ಎರಡೂ ಬಗೆಯ ಮಾತ್ರೆ ಕೈಗೆ ಕೊಟ್ಟೆ, ನುಂಗಿಸಿದೆ, ಬಾಯಿ ತೆರೆಸಿದೆ, ನಾಲಿಗೆ ಎತ್ತಿಸಿದೆ. ಟಾರ್ಚ್ ಹಾಕಿ ನೋಡಿದೆ. ಒಂದು ಮಾತೂ ಆಡದೆ ಎಲ್ಲ ಮಾಡಿದಳು. ತೂಕದ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನು ತಪ್ಪಾಗುವ ಮಾತಿಲ್ಲ. ಆದದ್ದಾಯಿತು.

ಅಕ್ಟೋಬರ್ 8, ಬುಧವಾರ

ಐದನೇ ತರಗತಿಯ ಟೀಚರ್ ಅವಳ ನೋಟುಬುಕ್ಕು ತಂದು ತೋರಿಸಿದರು. ಸಾಲಿನ ಮೇಲೆ ಕುಳಿತಿರುತ್ತಿದ್ದ ಅಕ್ಷರಗಳು ಕೆಳಗೆ ಜಾರುತ್ತ ಜಾರುತ್ತ ಪುಟದ ಮೂಲೆಗೆ ಹೋಗಿವೆ. ಮಧ್ಯಾಹ್ನದ ಪಾಠದಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾಳಂತೆ. ಎಬ್ಬಿಸಿದರೆ ಕರಿಹಲಗೆ ಎರಡೆರಡು ಕಾಣುತ್ತದೆ ಅನ್ನುತ್ತಾಳಂತೆ. ಜೊಲ್ಲು ಸೋರಿದ್ದು ನೋಡಿ ಮಕ್ಕಳು ನಕ್ಕರಂತೆ. ರಿಲೇಯಿಂದ ಹೇಗೂ ತೆಗೆದಾಗಿದೆ.

"ಡೋಸ್ ಜಾಸ್ತಿ ಆಗಿದೆ ಅಂತೀರಾ ಸಿಸ್ಟರ್?"

"ಮೈಗೆ ಒಗ್ಗೋಕೆ ಸ್ವಲ್ಪ ದಿನ ಬೇಕು. ಡಾಕ್ಟರಿಗೆ ಒಂದು ಚೀಟಿ ಬರೀತೀನಿ," ಅಂದೆ.

ಚೀಟಿ ಬರೆಯಲು ಕುಳಿತೆ. 'ಮಂಪರು ಹೆಚ್ಚಿದೆ' ಎಂದು ಬರೆದೆ. ಅದರ ಮುಂದಿನ ಸಾಲು ಏನಿರಬೇಕೋ ಅದಿಲ್ಲದೆ ಈ ಸಾಲಿಗೆ ಅರ್ಥವಿಲ್ಲ. ಹರಿದು ಹಾಕಿದೆ.

ಅಕ್ಟೋಬರ್ 10, ಶುಕ್ರವಾರ

ಹನ್ನೆರಡೂವರೆಗೆ ಕೊಟ್ಟೆ. ನುಂಗಿದ್ದು ನೋಡಿದೆ.

ಅಕ್ಟೋಬರ್ 14, ಮಂಗಳವಾರ

ಇವರು ಊಟಕ್ಕೆ ಕುಳಿತು ಡಿಪೋದ ಕಥೆ ಹೇಳುತ್ತಿದ್ದರು. ಹೊಸ ಡ್ರೈವರೊಬ್ಬ ಬೆಳಿಗ್ಗೆ ಬ್ರೇಕ್ ಪರೀಕ್ಷೆ ಮಾಡದೆಯೇ ಮಾಡಿದೆ ಎಂದು ಪುಸ್ತಕದಲ್ಲಿ ಬರೆದು ಸಿಕ್ಕಿಬಿದ್ದಿದ್ದಾನೆ.

"ಪುಸ್ತಕದಲ್ಲಿ ಬರೆದ್ರೆ ಬಸ್ಸು ನಿಲ್ಲತ್ತಾ?" ಅಂತ ನಕ್ಕರು.

ನನಗೆ ಎಲ್ಲಿತ್ತೋ ಸಿಟ್ಟು. "ಒಬ್ಬ ಮನುಷ್ಯ ಎಷ್ಟು ಕಡೆ ಅಂತ ನೋಡ್ತಾನೆ? ಹೊಸಬ, ಪಾಪ, ಕೆಲಸದ ಭಾರ ಏನಿತ್ತೋ! ನಿಮಗೇನು ಗೊತ್ತು?"

ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ನಾನು ನಿನಗೇನಂದೆ ಮಾರಾಯ್ತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಎದ್ದು ಪಾತ್ರೆ ತೊಳೆಯಲು ಹೋದೆ.

ಅಕ್ಟೋಬರ್ 16, ಗುರುವಾರ

ತಾಯಿ ಬಂದಿದ್ದರು. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡಿದ್ದಾರೆ. ಬೆಳಗಿನ ಮಾತ್ರೆಯನ್ನು ಗಡಿಯಾರ ಹಿಡಿದು ತಾವೇ ಕೊಡಬೇಕಂತೆ. ಎರಡು ಅಲಾರಾಂ ಇಟ್ಟುಕೊಂಡಿದ್ದಾರೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಹೀಗಾಗಿ ಸಂಜೆ ಮಗಳು ಮನೆಗೆ ಬರುವಾಗ ತಾಯಿ ಇರುವುದಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ಮಾತ್ರೆ ಕೊಟ್ಟು ಮಲಗಿಸುತ್ತಾರೆ.

"ಮುಖ ನೋಡೋದು ಬೆಳಿಗ್ಗೆ ಒಂದು ಗಂಟೆ ಹೊತ್ತು ಅಷ್ಟೇ ಅಕ್ಕಾ. ಅದ್ರಲ್ಲೂ ಅವಳಿಗೆ ನಿದ್ದೆಗಣ್ಣು. ಏನ್ಮಾಡೋದು, ನಾನು ಮಾಡಿದ ತಪ್ಪಿಗೆ ನಾನೇ ಅನುಭವಿಸ್ಬೇಕಲ್ಲ."

ಕೈಯಲ್ಲೊಂದು ಬ್ರೆಡ್ ಪೊಟ್ಟಣ. ನನಗಾಗಿ ತಂದದ್ದು, ಇನ್ನೂ ಬಿಸಿಯಾಗಿತ್ತು. "ನಿಮ್ಮಂಥೋರು ಇದ್ದೀರಿ ಅಂತಲೇ ನನಗೆ ಧೈರ್ಯ," ಎಂದು ಕೈಯಲ್ಲಿಟ್ಟು ಹೋದರು.

ಮನೆಗೆ ಒಯ್ಯಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿಟ್ಟು ಬಂದೆ. ನಾನು ಮುಟ್ಟಲಿಲ್ಲ.

ಮಗುವಿಗೆ ಕೊಟ್ಟ ಮಾತು ಎಂದು ಮೇಲೆ ಬರೆದಿದ್ದೇನೆ, ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಪುಟ. ಇವತ್ತು ತಿರುವಿ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದೇನೆ! ಹತ್ತು ವರ್ಷದ ಹುಡುಗಿಯ ಬೆನ್ನ ಹಿಂದೆ ಐವತ್ತನಾಲ್ಕು ವರ್ಷದವಳು ಅಡಗಿ ಕುಳಿತಿದ್ದಾಳೆ.

ಅಕ್ಟೋಬರ್ 21, ಮಂಗಳವಾರ

ಬುಗುರಿ ಮೆಟ್ಟಿಲಿನಿಂದ ಬಿದ್ದಳು. ಮಾತ್ರೆ ತೆಗೆದುಕೊಂಡು ನನ್ನ ಕೋಣೆಯಿಂದ ಹೋದವಳೇ, ಎರಡನೇ ಸುತ್ತಿನ ಮೆಟ್ಟಿಲಲ್ಲಿ, ಮೆಟ್ಟಿಲ ಬದಲು ಗಾಳಿಗೆ ಕಾಲಿಟ್ಟಳಂತೆ. ಮೆಟ್ಟಿಲು ಎರಡೆರಡು ಕಂಡಿದ್ದವಂತೆ.

ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿದೆ. ಹಾಲುಹಲ್ಲಲ್ಲ, ಹುಟ್ಟಿ ಮೂರು ವರ್ಷವಾದ ಹಲ್ಲು. ತುಟಿ ಸೀಳಿತ್ತು, ಒತ್ತಿ ಹಿಡಿದೆ. ಅಳಲೇ ಇಲ್ಲ ಅವಳು. ಮುರಿದ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು.

"ಇದನ್ನ ಅಂಟಿಸ್ಬಹುದಾ ಸಿಸ್ಟರ್?" ಅಂತ ಕೇಳಿದಳು. ಹಾಲಿನ ಲೋಟದಲ್ಲಿ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿಕೊಟ್ಟೆ. ಬಹಳ ಸಣ್ಣ ಚೂರು, ಉಳಿದದ್ದು ಪುಡಿಯಾಗಿತ್ತು.

ಅಕ್ಟೋಬರ್ 22, ಬುಧವಾರ

ಇವತ್ತು ಹೇಳಬೇಕೆಂದು ಹೊರಟೆ. ಅವರ ಬೀದಿಯ ತಿರುವಿನ ತನಕ ಹೋಗಿ, ನಿಂತು, ವಾಪಸು ಬಂದೆ.

ಅಕ್ಟೋಬರ್ 23, ಗುರುವಾರ

ಬೆಳಿಗ್ಗೆ ಎದ್ದವಳೇ ಇವರಿಗೆ ಎಲ್ಲ ಹೇಳಿದೆ. ಅವರು ಮಧ್ಯದಲ್ಲಿ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ, "ಒಬ್ಳೇ ಹೋಗ್ತೀಯಾ, ನಾನೂ ಬರ್ಲಾ?" ಅಂದರು. ಒಬ್ಬಳೇ ಹೋಗುತ್ತೇನೆ ಅಂದೆ.

ಮೂರನೇ ಮಹಡಿ. ಅಲ್ಲಿ ತನಕ ಹತ್ತುವಷ್ಟರಲ್ಲಿ ಹೇಳಬೇಕೆಂದು ಜೋಡಿಸಿಟ್ಟದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಬಾಗಿಲು ತೆಗೆದವರು ಮುಖ ಅರಳಿಸಿ, "ಬನ್ನಿ ಅಕ್ಕಾ, ಚಹಾ ಇಡ್ತೀನಿ," ಅಂದರು. ಹುಡುಗಿ ಒಳಗೆ ಮಲಗಿದ್ದಳು.

"ಚಹಾ ಬೇಡ. ಮೊದಲು ನಾನು ಹೇಳೋದು ಕೇಳಿ," ಅಂದೆ. ನಿಂತೇ ಹೇಳಿದೆ. ಬಟ್ಟಲು, ಮೊದಲೇ ಹಾಕಿದ ಗುರುತು, ಓಟದ ದಿನಗಳು, ಏಳು ಮಾತ್ರೆ, ಕಾಲುಚೀಲ, ಜೇಬು. ಆ ಎರಡು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ, ಮೇಜಿನ ಮೇಲಿಟ್ಟೆ. "ನಿಮ್ಮ ಬೆಳಗಿನ ಮಾತ್ರೆ ಒಂದು ದಿನಾನೂ ತಪ್ಪಿಲ್ಲ. ತಪ್ಪು ನಂದು. ಡಾಕ್ಟರು ಡೋಸ್ ಏರಿಸಿದ್ದು ನನ್ನ ಸುಳ್ಳು ಲೆಕ್ಕ ನಂಬಿ. ಹಲ್ಲು ಹೋಗಿದ್ದೂ ಅದ್ರಿಂದಲೇ."

ಅವರು ಆ ಮಾತ್ರೆಗಳನ್ನೇ ನೋಡುತ್ತಿದ್ದರು. "ಇದು ಯಾವತ್ತಿಂದ ನಿಮ್ಮ ಹತ್ರ ಇದೆ?" ಅಂದರು.

"ಅವತ್ತಿಂದಾನೇ."

ಬೆರಳು ಮಡಚಿ ಎಣಿಸಿದರು.

"ಇಪ್ಪತ್ತೊಂಬತ್ತು ದಿನ," ಅಂದರು. ದನಿ ಏರಲಿಲ್ಲ. "ಮಾತ್ರೆ ನೋಡದೆ ಇದ್ದಿದ್ದು ಕೆಲಸದ ಒತ್ತಡ ಅನ್ನಿ, ಮನುಷ್ಯರು ಅನ್ನಿ, ಒಪ್ಕೋತೀನಿ. ನಾನೂ ಕೆಲಸ ಮಾಡೋಳೇ. ಆದ್ರೆ ನಾನು ಬಂದು ನಿಮ್ಮ ಮುಂದೆ ಕೂತು, ನನ್ನಿಂದಲೇ ಹೀಗಾಯ್ತು ಅಂತ ಅತ್ತೆನಲ್ಲ. ಕೇಳಿಸ್ಕೊಂಡ್ರಿ. ಇಷ್ಟು ದಿನ ನನ್ನ ಬಾಯಲ್ಲಿ ಅಕ್ಕಾ ಅಂತ ಕರೆಸ್ಕೊಂಡ್ರಿ."

ಮಾತ್ರೆಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಡಾಕ್ಟರ ಹತ್ರ ನೀವೂ ಬನ್ನಿ ಸಿಸ್ಟರ್. ನೀವೇ ಹೇಳಿ," ಅಂದರು.

ಹೋದೆ, ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಅವತ್ತೇ ಹೇಳಿದ್ರೆ ಹಳೇ ಡೋಸೇ ಸಾಕಿತ್ತು. ಈಗ ಥಟ್ ಅಂತ ಇಳಿಸೋ ಹಾಗೂ ಇಲ್ಲ, ವಾರವಾರ ಸ್ವಲ್ಪ ಸ್ವಲ್ಪ ಇಳಿಸ್ಬೇಕು. ನೀವು ನರ್ಸು, ನಿಮಗೆ ಗೊತ್ತಿರ್ಬೇಕಿತ್ತಲ್ಲ?"

ಗೊತ್ತಿತ್ತು. ಅದೇ ತಾನೆ.

ಅಲ್ಲಿಂದ ಶಾಲೆಗೆ. ಹೆಡ್ ಮೇಡಂ ಕೇಳಿ ಬಾಗಿಲು ಮುಚ್ಚಿದರು. "ನೀವು ಬಾಯಲ್ಲಿ ಹೇಳಿದ್ದು ಸಾಕು. ರಿಜಿಸ್ಟರ್ ಮುಟ್ಟಬೇಡಿ. ಶಾಲೆ ಹೆಸರು ಅಂತ ಒಂದಿರತ್ತೆ." ನಾನು ಕೋಣೆಗೆ ಹೋಗಿ ಕೆಂಪು ಪೆನ್ನಿನಿಂದ, ಏರ್ಪಾಟು ಶುರುವಾದ ದಿನದಿಂದ ಅವಳು ಬಿದ್ದ ದಿನದವರೆಗಿನ ಪ್ರತಿಯೊಂದು ಗುರುತಿನ ಪಕ್ಕದಲ್ಲೂ 'ನೋಡಿಲ್ಲ' ಎಂದು ಬರೆದು ಸಹಿ ಹಾಕಿದೆ. ಅವಳು ತಪ್ಪಿಸಿದ್ದು ಏಳು. ನಾನು ನೋಡದೇ ಇದ್ದದ್ದು ಹನ್ನೆರಡು.

ಅಕ್ಟೋಬರ್ 30, ಗುರುವಾರ

ಆಡಳಿತದವರ ಪತ್ರ ಬಂತು. ಮುಂದಿನ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ಹೊಸಬರಿಗೆ ಎಲ್ಲ ಒಪ್ಪಿಸಬೇಕು. ಕಡಿಮೆಯೇ ಆಯಿತು ಶಿಕ್ಷೆ ಎಂದು ಇವರಿಗೆ ಹೇಳಿದೆ. "ಕಡಿಮೆ ಜಾಸ್ತಿ ಅಂತ ತೂಗೋಕೆ ಹೋಗ್ಬೇಡ," ಅಂದರು.

ನವೆಂಬರ್ 6, ಗುರುವಾರ

ತಾಯಿ ಈಗ ದಿನಾ ಹನ್ನೆರಡೂವರೆಗೆ ಶಾಲೆಯ ಗೇಟಿಗೆ ಬರುತ್ತಾರೆ. ಪಾಳಿ ಶುರುವಾಗುವುದು ಎರಡಕ್ಕೆ, ಅದಕ್ಕೆ ಮುಂಚೆ. ನನ್ನ ಕಿಟಕಿಯಿಂದ ಕಾಣುತ್ತದೆ. ಕಟ್ಟೆಯ ಮೇಲೆ ಇಬ್ಬರೂ ಕೂರುತ್ತಾರೆ. ಚೀಲದಿಂದ ಬಾಟಲಿ, ಡಬ್ಬಿ. ಬುಗುರಿ ನುಂಗಿ ಬಾಯಿ ತೆರೆದು ತೋರಿಸುತ್ತಾಳೆ. ಆಮೇಲೂ ಐದು ನಿಮಿಷ ಕೂತು ಏನೋ ಮಾತಾಡುತ್ತಾರೆ. ಒಂದು ದಿನ ತಾಯಿ ತಲೆ ಎತ್ತಿದರು, ನಾನು ಕಿಟಕಿಯಲ್ಲಿದ್ದೆ. ನೋಡಿದರು, ನೋಡಿ ಮತ್ತೆ ಮಗಳ ಕಡೆ ತಿರುಗಿದರು.

ಬಿಸಿಲಿಗೂ ಬರುತ್ತಾರೆ, ಮಳೆಗೂ ಬರುತ್ತಾರೆ. ಅವರಿಗೆ ಕೂರಲು ಕುರ್ಚಿ ಹಾಕಿಸೋಣವೆಂದು ಎರಡು ಸಲ ಅಂದುಕೊಂಡೆ. ಯಾವ ಮುಖ ಇಟ್ಟುಕೊಂಡು?

ನವೆಂಬರ್ 19, ಬುಧವಾರ

ಡೋಸ್ ಹಳೆಯದಕ್ಕೆ ಬಂದಿದೆ, ಹೊಸ ಮಾತ್ರೆ ನಿಂತಿದೆ. ಮಧ್ಯಾಹ್ನದ್ದು ಇನ್ನೊಂದು ವಾರ, ಆಮೇಲೆ ಬೆಳಿಗ್ಗೆ ರಾತ್ರಿ ಎರಡೇ ಹೊತ್ತು ತಗೊಳ್ಳುವಂಥ ಬೇರೆ ಮಾತ್ರೆಗೆ ಬದಲಾಯಿಸುತ್ತಾರಂತೆ. ಟೀಚರ್ ಹೇಳಿದರು. ಕೇಳಿ ಖುಷಿಯಾಯಿತು, ಆಮೇಲೆ ಸೆಪ್ಟೆಂಬರ್ ನಾಲ್ಕರ ಪುಟ ತಿರುವಿ ನೋಡಿದೆ. ಮಧ್ಯಾಹ್ನ ನಿದ್ದೆ ಬರುತ್ತದೆ ಎಂದು ಅವಳು ಹೇಳಿದ್ದಳಲ್ಲ. ಅಂದೇ ಡಾಕ್ಟರಿಗೆ ಒಂದು ಸಾಲು ಬರೆದಿದ್ದರೆ ಅಂದೇ ಬದಲಾಯಿಸುತ್ತಿದ್ದರು. ನಾನು ಹಾಸ್ಯ ಮಾಡಿ ಕಳಿಸಿದೆ.

ಮುರಿದ ಹಲ್ಲಿನ ಮೇಲೆ ಕ್ಯಾಪ್ ಕೂರಿಸಿದ್ದಾರೆ. ಬಣ್ಣ ಸ್ವಲ್ಪ ಬೇರೆ.

ನವೆಂಬರ್ 28, ಶುಕ್ರವಾರ

ಕೊನೆಯ ದಿನ.

ಹೊಸ ಸಿಸ್ಟರಿಗೆ ಕೀಲಿ ಕೊಟ್ಟೆ. ಚಿಕ್ಕ ವಯಸ್ಸು, ಬರೆದುಕೊಳ್ಳಲು ಪುಸ್ತಕ ತಂದಿದ್ದಳು. ಒಬ್ಬೊಬ್ಬರ ಬಗ್ಗೆ ಹೇಳುತ್ತಾ ಹೋದೆ. ಉಬ್ಬಸದ ಹುಡುಗ ಎಲ್ಲರ ಮುಂದೆ ಪಂಪ್ ಸೇದುವುದಿಲ್ಲ, ಪರದೆ ಎಳೆದು ಕೊಡಿ. ಹನ್ನೊಂದಕ್ಕೆ ಬರುವವಳಿಗೆ ಸೂಜಿಯ ಭಯವಿಲ್ಲ, ಸೂಜಿಯ ಸುದ್ದಿ ಎತ್ತಿದರೆ ಭಯ, ಅವಳ ಬೆಕ್ಕಿನ ಬಗ್ಗೆ ಕೇಳಿ. ಅವಳು ಒಂದೂ ಬಿಡದೆ ಬರೆದುಕೊಂಡಳು. "ಇಷ್ಟೆಲ್ಲ ಫೈಲಿನಲ್ಲಿ ಇಲ್ವಲ್ಲ ಮೇಡಂ," ಅಂದಳು. ಫೈಲಿನಲ್ಲಿ ಇಲ್ಲ, ನಾನು ಬರೆದಿರಲಿಲ್ಲ.

ಮೂರು ಗಂಟೆಗೆ ಬಾಗಿಲಲ್ಲಿ ಬುಗುರಿ. ಅವಳು ಇಲ್ಲಿಗೆ ಬಂದು ಒಂದು ತಿಂಗಳ ಮೇಲಾಯಿತು. ಕೈಯಲ್ಲಿ ಟೀಚರ್ ಕಳಿಸಿದ ಕಾಗದ, ಅದನ್ನು ಹೊಸ ಸಿಸ್ಟರಿಗೆ ಕೊಟ್ಟಳು. ಹೊರಡಲಿಲ್ಲ.

"ನೀವು ನಾಳೆಯಿಂದ ಬರಲ್ವಂತೆ."

"ಹೌದು ಪುಟ್ಟಾ."

"ನಾನು ಮಾತ್ರೆ ಬಚ್ಚಿಟ್ಟಿದ್ದಕ್ಕಾ?"

ಹೊಸ ಸಿಸ್ಟರ್ ಜಾಣೆ, ಬಕೆಟ್ ಹಿಡಿದು ಹೊರಗೆ ಹೋದಳು. ನಾನು ಮಂಚದ ಮೇಲೆ ಬುಗುರಿಯ ಎತ್ತರಕ್ಕೆ ಕುಳಿತೆ. "ಅಲ್ಲ. ನೀನು ಬಚ್ಚಿಟ್ಟಿದ್ದಕ್ಕಲ್ಲ. ನಾನು ಬಚ್ಚಿಟ್ಟಿದ್ದಕ್ಕೆ. ನೀನು ಚಿಕ್ಕೋಳು, ನಿದ್ದೆ ಬರತ್ತೆ ಅಂತ ಮೊದಲೇ ಹೇಳಿದ್ದೆ. ಕೇಳದೇ ಇದ್ದೋಳು ನಾನು."

ಅವಳು ಹೊಸ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು.

"ನಾನು ಅಮ್ಮನಿಗೆ ಹೇಳ್ಬಿಡೋಣ ಅಂತ ಇದ್ದೆ ಸಿಸ್ಟರ್," ಅಂದಳು. "ಅಮ್ಮ ಅಳ್ತಿದ್ಲು, ನನ್ನಿಂದಲೇ ಅಂತ. ಎರಡು ಸಲ ಹೇಳೋಕೆ ಹೋದೆ. ಆದ್ರೆ ನಿಮಗೂ ಗೊತ್ತಿತ್ತಲ್ಲ, ನೀವು ಹೇಳಿರ್ಲಿಲ್ಲ. ಹಾಗಾದ್ರೆ ಇದು ಹೇಳ್ಬಾರದ್ದು ಅಂದ್ಕೊಂಡೆ."

ಇಷ್ಟು ದಿನ ಬರೆದದ್ದರಲ್ಲಿ ತಾಯಿಗೆ ಮಾಡಿದ್ದು ಇದೆ, ಡೋಸು ಇದೆ, ಹಲ್ಲು ಇದೆ. ಇದು ಇರಲಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ.

"ಹೇಳಬೇಕಾದ್ದೇ ಆಗಿತ್ತು ಪುಟ್ಟಾ," ಅಂದೆ. "ನಾನು ಹೆದರಿದ್ದೆ. ಬೇರೆ ಏನೂ ಇಲ್ಲ, ಬರೀ ಹೆದರಿಕೆ. ಇನ್ಮುಂದೆ ಯಾವ ದೊಡ್ಡೋರು ಸುಮ್ನಿದ್ರೂ ನೀನು ಅಮ್ಮನಿಗೆ ಹೇಳು."

"ಹೂಂ," ಅಂದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಗಂಟೆ ಹೊಡೆಯಿತು.

ಬಾಗಿಲಿಗೆ ಬಂದು ಅವಳು ಹೋಗುವುದನ್ನು ನೋಡಿದೆ. ಮಂಪರು ಹೋಗಿ ವಾರವಾಯಿತು, ಕಣ್ಣಿಗೆ ಮೆಟ್ಟಿಲು ಈಗ ಒಂದೊಂದೇ ಕಾಣುತ್ತದೆ, ಟೀಚರೇ ಹೇಳಿದ್ದಾರೆ. ಬೇರೆ ಮಕ್ಕಳು ಎರಡೆರಡು ಮೆಟ್ಟಿಲು ಹಾರುತ್ತ ಅವಳನ್ನು ದಾಟಿ ಹೋದರು. ಅವಳು ಗೋಡೆಯ ಕಡೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ, ನಿಧಾನವಾಗಿ ಹತ್ತಿದಳು.